ಗುರುತು ಹಚ್ಚುವ ಊರು

ದೂರದಿಂದಲೇ ಅವನ ಗುರುತು ಹಚ್ಚಿದೆ ಅಂತ ನಾವು ನೀವೆಲ್ಲ ಬಾಯಿಮಾತಿಗೆ ಹೇಳುವುದುಂಟು. ಹಚ್ಚುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಕೈಯಲ್ಲಿ ಬಣ್ಣವಿಲ್ಲ, ಕುಂಚವಿಲ್ಲ. ಆದರೂ ಹಚ್ಚಿದೆ ಅನ್ನುತ್ತೇವೆ, ಕೇಳಿದವರಿಗೆ ಅರ್ಥವಾಗುತ್ತದೆ. ಆ ಊರಿನವರು ಮಾತ್ರ ಈ ಮಾತನ್ನು ಇದ್ದದ್ದು ಇದ್ದ ಹಾಗೇ ನಂಬಿಬಿಟ್ಟಿದ್ದರು. ಹಚ್ಚದೆ ಗುರುತು ಎಲ್ಲಿಂದ ಬರಬೇಕು ಎಂಬುದು ಅವರ ವಾದ. ಯೋಚಿಸಿ ನೋಡಿದರೆ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ.

ಹೀಗಾಗಿ ಅಲ್ಲಿ ಬೆಳಗಾದರೆ ಕುಂಚದವನು ಬೀದಿಗೆ ಬರುತ್ತಿದ್ದ. ಹೆಗಲ ಮೇಲೊಂದು ಅಡ್ಡೆ, ಅಡ್ಡೆಯ ಎರಡು ತುದಿಗೂ ತೂಗುವ ತೆಂಗಿನ ಚಿಪ್ಪುಗಳು, ಒಂದೊಂದು ಚಿಪ್ಪಿನಲ್ಲಿ ಒಂದೊಂದು ಮನೆಯ ಬಣ್ಣ. "ಹಚ್ಚಿಸ್ಕೊಳ್ಳಿ, ಗುರುತು ಹಚ್ಚಿಸ್ಕೊಳ್ಳಿ" ಎಂದು ಅವನು ಕೂಗಿದರೆ ಎಲ್ಲರೂ ಹೊಸ್ತಿಲಿಗೆ ಬಂದು ಮುಖ ಒಡ್ಡಿ ನಿಲ್ಲುತ್ತಿದ್ದರು. ಯಾರ ಮನೆ, ಎಂದು ಅವನು ಕೇಳುತ್ತಿದ್ದ. ಕೆಂಪಿನ ಮನೆ, ಎಂದು ಅವರು ಹೇಳುತ್ತಿದ್ದರು. ಆಗ ಕೆನ್ನೆಗೆ ಕೆಂಪು, ಹಣೆಗೆ ಅಕ್ಷರ. ಯಾರ ಮನೆ, ಹಳದಿಯ ಮನೆ. ಕೆನ್ನೆಗೆ ಹಳದಿ, ಹಣೆಗೆ ಅಕ್ಷರ. ನಿನ್ನೆ ಹಚ್ಚಿದ್ದು ರಾತ್ರಿ ದಿಂಬಿಗೆ ಒರೆಸಿಹೋಗಿರುತ್ತಿತ್ತು. ಆದ್ದರಿಂದ ತಾನು ದಿನಾ ಹಚ್ಚುವ ಮುಖ ಯಾರದು ಎಂದು ಕುಂಚದವನಿಗೂ ದಿನಾ ಕೇಳದೆ ತಿಳಿಯುತ್ತಿರಲಿಲ್ಲ.

ಊರಿನ ಮನೆಗಳೆಲ್ಲ ಅಂಗಡಿಗಳು, ಅಂಗಡಿಗಳೆಲ್ಲ ಮನೆಗಳು. ಎಣ್ಣೆಯ ಮನೆಗೆ ಹಳದಿ, ಹಾಲಿನ ಮನೆಗೆ ಬಿಳಿ, ಉಪ್ಪಿನ ಮನೆಗೆ ನೀಲಿ, ಉಪ್ಪಿನಕಾಯಿ ಮನೆಗೆ ಕೆಂಪು. ಅಕ್ಷರಗಳೂ ಒಬ್ಬರ ಹಾಗೆ ಇನ್ನೊಬ್ಬರದು ಇರಬಾರದು. ಎಣ್ಣೆಯ ಮನೆಯ ಅಕ್ಷರ ಬಲಕ್ಕೆ ವಾಲಿಕೊಂಡಿರಬೇಕು, ಒತ್ತಿನ ಬಾಲ ತೊಟ್ಟಿಕ್ಕುವ ಹಾಗೆ ಕೆಳಗೆ ಇಳಿದಿರಬೇಕು. ಉಪ್ಪಿನಕಾಯಿ ಮನೆಯದು ಜಾಡಿಯ ಹಾಗೆ ಹೊಟ್ಟೆ ಬಿಟ್ಟುಕೊಂಡಿರಬೇಕು. ಉಪ್ಪಿಗೂ ಉಪ್ಪಿನಕಾಯಿಗೂ ಮೊದಲ ಅಕ್ಷರ ಒಂದೇ ಆದದ್ದರಿಂದ ಎರಡು ಮನೆಗಳ ನಡುವೆ ತಲೆಮಾರಿನ ಜಗಳವೇ ನಡೆದಿತ್ತು. ಉ ಅಕ್ಷರದ ಬಾಲ ಒಳಗೆ ಸುತ್ತಿದ್ದರೆ ಖಾರ, ಹೊರಗೆ ಚಾಚಿದ್ದರೆ ಬರೀ ಉಪ್ಪು ಎಂದು ಪಂಚಾಯಿತಿಯವರು ತೀರ್ಪು ಕೊಟ್ಟ ಮೇಲೆ ಎರಡು ಕಡೆಯವರೂ ಸಮಾಧಾನವಾಗಿ ಉಂಡರು.

ಇಷ್ಟೆಲ್ಲ ಆದರೂ ಓದುವುದನ್ನು ಮಾತ್ರ ಯಾರೂ ಮಾಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಎಲ್ಲರೂ ಅಕ್ಷರ ಕಲಿಯುತ್ತಿದ್ದರು, ದೊಡ್ಡವರಾದಂತೆ ಮರೆಯುತ್ತಿದ್ದರು, ಅದರಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಒಮ್ಮೆ ಕುಂಚದವನು ತೂಕಡಿಸಿಕೊಂಡು ಎಣ್ಣೆಯ ಮನೆಯ ಹಲಗೆಯ ಮೇಲೆ 'ಎಣ್ಣೆ' ಎಂದು ಬರೆಯುವ ಬದಲು 'ಸುಣ್ಣ' ಎಂದು ಬರೆದುಬಿಟ್ಟ. ಬಣ್ಣ ಹಳದಿಯೇ ಇತ್ತು, ಅಕ್ಷರ ವಾಲಿತ್ತು, ಒತ್ತಿನ ಬಾಲ ತೊಟ್ಟಿಕ್ಕುತ್ತಿತ್ತು. ಊರು ಅಲ್ಲೇ ಎಣ್ಣೆ ಕೊಂಡಿತು, ಕೊಳ್ಳುತ್ತಲೇ ಬಂತು. ಮಾವು ಕೈಕೊಟ್ಟ ವರ್ಷ ಕೆಂಪಿನ ಮನೆಯವರು ಜಾಡಿಗಳಲ್ಲಿ ಬರೀ ಉಪ್ಪುನೀರು ತುಂಬಿ ಕೊಟ್ಟಾಗಲೂ ಜನ ಹಾಗೆಯೇ ಚಪ್ಪರಿಸಿ, ಈ ಸಲ ಹದ ಬಹಳ ಚೆನ್ನಾಗಿದೆ ಎಂದಿದ್ದರು.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಹಚ್ಚಿದ ಗುರುತನ್ನು ಬಿಟ್ಟು ಹಚ್ಚದ ಗುರುತನ್ನು ಹಿಡಿಯಬಾರದು, ಅಂದರೆ ಬಣ್ಣ ಅಕ್ಷರ ಬಿಟ್ಟು ಮುಖ ನೋಡಿ ಯಾರನ್ನೂ ಇಂಥವರೆಂದು ತಿಳಿಯಬಾರದು. ಹಿಡಿದವರನ್ನು ಕೆರೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ತೊಳೆಯುತ್ತಿದ್ದರು. ತೊಳೆಸಿಕೊಂಡವರಿಗೆ ಮನೆಯಿಲ್ಲ, ಬಣ್ಣವಿಲ್ಲ. ಅವರನ್ನು ಊರು 'ಯಾರೋ' ಎನ್ನುತ್ತಿತ್ತು. ಯಾರೋಗಳು ಕೆರೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಅವರ ಮುಖ ನೋಡುವ ವಾಡಿಕೆ ಇರಲಿಲ್ಲ, ನೋಡಿದರೂ ಅಲ್ಲಿ ನೋಡಲು ಏನಿದೆ ಎಂದು ಜನ ಕೇಳುತ್ತಿದ್ದರು.

ಈ ಊರಿನಲ್ಲಿ ಉಪ್ಪಿನಕಾಯಿ ಮನೆಯ ಸೊಸೆ ಒಬ್ಬಳಿದ್ದಳು. ಅವಳು ಹುಟ್ಟಿದ್ದು ಎಣ್ಣೆಯ ಮನೆಯಲ್ಲಿ. ಮದುವೆಯ ದಿನ ಅವಳ ಕೆನ್ನೆಯ ಹಳದಿಯನ್ನು ಕಡಲೆಹಿಟ್ಟು ಹಾಕಿ ಉಜ್ಜಿ ತೊಳೆದರು, ಕೆಂಪು ಹಚ್ಚಿದರು, ಹಣೆಯ ಮೇಲೆ ಬಾಲ ಒಳಗೆ ಸುತ್ತಿದ ಉ ಬರೆದರು. ಅವತ್ತಿಗೆ ಅವಳು ತವರಿಗೆ ಗಿರಾಕಿಯಾದಳು. ಇದರಲ್ಲಿ ಅವಳೊಬ್ಬಳ ಕಥೆ ಏನೂ ಇಲ್ಲ. ಆ ಊರಿನ ಹೆಣ್ಣುಮಕ್ಕಳೆಲ್ಲ ಹೀಗೆಯೇ ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟಿ, ಹೆತ್ತವರ ಅಂಗಡಿಯಲ್ಲಿ ಸಾಮಾನು ಕೊಂಡು, ತೆಪ್ಪಗೆ ಮನೆಗೆ ಬರುತ್ತಿದ್ದರು. ಇವಳಿಗೆ ಮಾತ್ರ ಅದು ಒಗ್ಗಲಿಲ್ಲ.

ಸಂತೆಯ ದಿನ ಬಂದರೆ ಎಣ್ಣೆ ತರುವ ಕೆಲಸ ಅವಳದು. ತಂಬಿಗೆ ಹಿಡಿದು ಹಳದಿಯ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಕಟ್ಟೆಯ ಹಿಂದೆ ಅಮ್ಮ. "ಎಣ್ಣೆ ಬೇಕಿತ್ತು" ಎಂದು ಇವಳು ಹೇಳುತ್ತಿದ್ದಳು. ಎಣ್ಣೆಯ ಮನೆಯವರೆಲ್ಲ ಮಾತನ್ನು ಎಳೆದು ಆಡಬೇಕು ಎಂದಿತ್ತು, ಅದೂ ಗುರುತಿನ ಭಾಗವೇ. ಅಮ್ಮ ಆ ರಾಗದಲ್ಲಿ, ಬನ್ನಿ ಕೆಂಪಿನವರೇ, ನಿಮ್ಮ ಮನೆ ಕಾಯಿಗೆ ಊರಿನಲ್ಲೇ ಸಾಟಿಯಿಲ್ಲ ನೋಡಿ, ಎನ್ನುತ್ತಿದ್ದಳು. ಕೆಂಪು ಕಂಡವರಿಗೆಲ್ಲ ಅವಳು ಹೇಳುವ ಮಾತು ಅದು. ಆಮೇಲೆ ತಂಬಿಗೆ ಈಸಿಕೊಂಡು, ಅದರ ಬಾಯನ್ನು ಸೆರಗಿನ ತುದಿಯಿಂದ ಒರೆಸಿ, ಪಾವಿನಲ್ಲಿ ಅಳೆದು ಸುರಿದು, ಕೈಗೆ ಕೊಡುವಾಗ ಹೇಳುತ್ತಿದ್ದಳು, "ತುಳುಕೀತು, ನೋಡ್ಕೊಂಡು ಹೋಗಿ."

ಬನ್ನಿ, ಹೋಗಿ. ಹೆತ್ತ ತಾಯಿಯ ಬಾಯಲ್ಲಿ ಬಹುವಚನ. ಕೂಸಾಗಿದ್ದಾಗ ಇದೇ ಬಾಯಿ ಅವಳನ್ನು ಬಾರೆ ಎಂದಿತ್ತು, ಹೋಗೆ ಎಂದಿತ್ತು, ಕತ್ತೆ ಎಂದೂ ಅಂದಿತ್ತು. ಅವಳಿಗೆ ಹೆಚ್ಚೇನೂ ಬೇಕಾಗಿರಲಿಲ್ಲ. ತಬ್ಬಿಕೊಳ್ಳುವುದು, ಒಳಗೆ ಕರೆದು ಉಣ್ಣಿಸುವುದು, ಅದೆಲ್ಲ ಕೆಂಪಿನವಳಿಗೆ ಸಿಗುವುದಲ್ಲ ಎಂದು ಗೊತ್ತಿತ್ತು. ಅಮ್ಮ ಒಂದು ಸಲ, ಒಂದೇ ಸಲ, ಬಾಯಿತಪ್ಪಿಯಾದರೂ ತನ್ನನ್ನು ಏಕವಚನದಲ್ಲಿ ಮಾತಾಡಿಸಬೇಕು. ಬದುಕಿನಲ್ಲಿ ಬೇರೆ ಏನೂ ಬೇಡವೆನ್ನುವಷ್ಟು ಅದು ಬೇಕಾಗಿತ್ತು.

ಅದಕ್ಕಾಗಿ ಅವಳು ಪಡದ ಪಾಡಿಲ್ಲ. ಚಿಕ್ಕಂದಿನಲ್ಲಿ ಕೆಮ್ಮುತ್ತಿದ್ದ ಹಾಗೆ ಕೆಮ್ಮಿ ನೋಡಿದಳು. ಕಟ್ಟೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಬೆರಳಿನಿಂದ ಅಕ್ಷರ ತೀಡಿ ನೋಡಿದಳು; ಅಮ್ಮ ಅವಳಿಗೆ ಅಕ್ಷರ ಕಲಿಸಿದ್ದು ಹಾಗೆಯೇ. ಅಮ್ಮ ಮೆಲ್ಲಗೆ ಬಟ್ಟೆ ತಂದು ಅಕ್ಷರವನ್ನು ಒರೆಸಿ, "ತುಳುಕೀತು, ನೋಡ್ಕೊಂಡು ಹೋಗಿ" ಎಂದಳು. ಸೊಸೆ ದಾರಿಯುದ್ದಕ್ಕೂ ತಂಬಿಗೆಯನ್ನೇ ನೋಡಿಕೊಂಡು ನಡೆದಳು, ಏಕೆಂದರೆ ಅದು ನಿಜವಾಗಿಯೂ ತುಳುಕುವಷ್ಟು ತುಂಬಿತ್ತು.

ಮನೆಗೆ ಬಂದರೆ ಅತ್ತೆ ತಂಬಿಗೆಯೊಳಗೆ ಇಣುಕಿ ಬೀಗುತ್ತಿದ್ದಳು. ಆ ಊರಿನಲ್ಲಿ ಕೊಸರು ಹಾಕುವ ಪದ್ಧತಿ ಎಂದೋ ನಿಂತುಹೋಗಿತ್ತು. ಅಳತೆಯ ಮೇಲೆ ಒಂದಿಷ್ಟು ಸೇರಿಸಿ ಕೊಡುವುದು ಗಿರಾಕಿಯನ್ನು ಉಳಿಸಿಕೊಳ್ಳಲಿಕ್ಕೆ. ಬಣ್ಣ ನೋಡಿಯೇ ಬರುವ ಗಿರಾಕಿಗೆ ಕೊಸರಿನ ಖರ್ಚು ಯಾಕೆ? ಆದರೂ ಹಳದಿಯವರು ತಮಗೆ ಅಂಚಿನ ತನಕ ಕೊಡುತ್ತಾರೆಂದರೆ ಅದು ಕೆಂಪಿಗೆ ಸಲ್ಲುವ ಮರ್ಯಾದೆ ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದಳು. ಇರಬಹುದು ಎಂದು ಸೊಸೆಯೂ ಅಂದುಕೊಂಡಿದ್ದಳು. ಕೆಂಪು ಅಷ್ಟು ಚೆನ್ನಾಗಿಯೇ ಇತ್ತು.

ಹೀಗೇ ಕಾಲ ಹೋಗುತ್ತಿರುವಾಗ ಒಂದು ಸಂತೆಯ ದಿನ ಕಟ್ಟೆಯ ಹಿಂದಿನಿಂದ ಬೇರೆ ಮಾತು ಬಂತು. ಅದೇ ಹಳದಿ, ಹಣೆಯ ಮೇಲೆ ವಾಲಿದ ಅದೇ ಅಕ್ಷರ, ಅದೇ ಎಳೆದ ರಾಗ. ಬನ್ನಿ ಕೆಂಪಿನವರೇ, ನಿಮ್ಮ ಮನೆ ಕಾಯಿಗೆ ಊರಿನಲ್ಲೇ ಸಾಟಿಯಿಲ್ಲ ನೋಡಿ. ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ ಮಾತ್ರ, ತುಳುಕೀತು ಎನ್ನುವ ಕಡೆ, "ಮತ್ತೆ ಬನ್ನಿ" ಎಂದಿತು ಹಳದಿ.

ಸೊಸೆ ನಿಂತಲ್ಲೇ ನಿಂತಳು. ಅಷ್ಟು ದಿನ ಆ ಒಂದು ಸಾಲಿಗೆ ಅವಳು ಬೆಲೆ ಕೊಟ್ಟಿರಲಿಲ್ಲ. ಈಗ ಅದು ಹೋದ ಮೇಲೆ, ಇದ್ದದ್ದು ಅದೊಂದೇ ಅನ್ನಿಸಿತು. ಅಮ್ಮನಿಗೆ ತನ್ನ ಮೇಲೆ ಅಷ್ಟು ಕಾಳಜಿಯೂ ಉಳಿಯಲಿಲ್ಲ ಎಂದು ತಿಳಿದು ಮನೆಗೆ ಬಂದು ಮಾವಿನಕಾಯಿ ಹೆಚ್ಚುತ್ತ ಅತ್ತಳು. ಯಾಕೆ ಎಂದು ಅತ್ತೆ ಕೇಳಿದಾಗ ಖಾರ ಎಂದಳು. ಕಾಯಿಗೆ ಖಾರ ಇನ್ನೂ ಬೆರೆಸಿರಲಿಲ್ಲ. ಆದರೆ ಕೆಂಪಿನ ಮನೆಯಲ್ಲಿ ಕಣ್ಣೀರು ಬಂದರೆ ಅದಕ್ಕೆ ಖಾರವೇ ಕಾರಣ ಎಂದು ಎಲ್ಲರೂ ಒಪ್ಪುತ್ತಿದ್ದರು.

ಮುಂದಿನ ಸಂತೆಗೂ "ಮತ್ತೆ ಬನ್ನಿ." ಅದರ ಮುಂದಿನ ಸಂತೆಗೂ ಅದೇ. ಸೊಸೆಗೆ ತಡೆಯಲಾಗಲಿಲ್ಲ. ನಡುವೆ ಅಡ್ಡ ಬಂದಿರುವುದು ಈ ಕೆಂಪೇ ಅಲ್ಲವೇ, ಇದನ್ನು ತೆಗೆದುಬಿಟ್ಟರೆ ಒಳಗಿರುವುದು ತಾನೇ, ಅಮ್ಮ ಗುರುತಿಸದೆ ಇರುತ್ತಾಳೆಯೇ ಎಂದು ಅವಳಿಗೆ ಹೊಳೆಯಿತು. ತನಗೇ ದೊಡ್ಡ ಬುದ್ಧಿ ಬಂತೆಂದುಕೊಂಡು ಅವಳು ನಡುಮಧ್ಯಾಹ್ನ, ಬೀದಿ ಉಂಡು ಮಲಗಿದ ಹೊತ್ತಿನಲ್ಲಿ, ತಂಬಿಗೆ ಹಿಡಿದು ಕೆರೆಗೆ ಹೋದಳು.

ಮೆಟ್ಟಿಲ ಮೇಲೆ ಯಾರೋಗಳು ಸಾಲಾಗಿ ಕೂತಿದ್ದರು. ಅವಳು ಅವರ ಕಡೆ ಬೆನ್ನು ಮಾಡಿ ಕೂತು ಕೆನ್ನೆ ತೊಳೆದಳು, ಹಣೆ ತೊಳೆದಳು. ನೀರು ಕೆಂಪಾಯಿತು, ಮತ್ತೆ ತಿಳಿಯಾಯಿತು. ಏಳುವಾಗ ಪಕ್ಕದಲ್ಲಿಟ್ಟಿದ್ದ ತಂಬಿಗೆ ಕೈತಾಗಿ ಉರುಳಿ ಮೆಟ್ಟಿಲಿಳಿಯತೊಡಗಿತು. ಕೆಳಗಿನ ಮೆಟ್ಟಿಲಲ್ಲಿದ್ದ ಯಾರೋ ಒಬ್ಬಳು ಅದನ್ನು ತಡೆದು ಹಿಡಿದು, ಅದರ ಬಾಯನ್ನು ಸೆರಗಿನಿಂದ ಒರೆಸಿ, ಮೇಲಕ್ಕೆ ಚಾಚಿದಳು. ಸೊಸೆ ತಲೆ ಎತ್ತದೆ ತಂಬಿಗೆ ಕಿತ್ತುಕೊಂಡಳು. ಬರಿಮುಖದವಳಾಗಿದ್ದರೂ ಅವಳಿಗೆ ವಾಡಿಕೆ ಬಿಟ್ಟಿರಲಿಲ್ಲ.

ಎಣ್ಣೆಯ ಅಂಗಡಿಯ ಮುಂದೆ ಬಂದು ನಿಂತು, "ಅಮ್ಮ, ನಾನು ಕಣಮ್ಮ" ಎಂದಳು.

ಹಳದಿ ಅವಳ ಕಡೆ ತಿರುಗಿತು. ಅವಳ ಹಣೆಯ ಮೇಲೆ ಕಣ್ಣು ಹಾಯಿಸಿ, ಅಲ್ಲಿ ಏನೂ ಸಿಗದೆ, ಕೆನ್ನೆಯ ಮೇಲೆ ಹಾಯಿಸಿ, ಅಲ್ಲೂ ಸಿಗದೆ, ಅವಳ ಆಚೆಗೆ ಬೀದಿಯನ್ನು ನೋಡಿತು. ಆಮೇಲೆ ಒಳಗೆ ಕೂಗಿ ಹೇಳಿತು, "ಬಾಗಿಲಲ್ಲಿ ಯಾರೋ ನಿಂತಿದೆ, ಒಂದಿಷ್ಟು ಹಿಂಡಿ ಹಾಕಿ ಕಳಿಸಿ."

ದನಕ್ಕೆ ಹಾಕುವ ಹಿಂಡಿ. ಸೊಸೆ ಅದನ್ನು ಕೈಯೊಡ್ಡಿ ಈಸಿಕೊಂಡಳು. ಬೀದಿಯ ತಿರುವಿನಲ್ಲಿ ಅದನ್ನು ಎಸೆದು, ಹಿತ್ತಿಲ ಬಾಗಿಲಿಂದ ಮನೆ ಸೇರಿ, ಉಪ್ಪಿನಕಾಯಿಗೆಂದು ಇಟ್ಟಿದ್ದ ಖಾರದ ಪುಡಿಯನ್ನೇ ನೀರಿನಲ್ಲಿ ಕಲಸಿ ಕೆನ್ನೆಗೆ ಬಳಿದುಕೊಂಡು, ಹಣೆಗೆ ಬೆರಳಿನಿಂದ ಉ ತೀಡಿಕೊಂಡಳು. ಉರಿಯಿತು, ಉರಿಯಲಿ ಎಂದುಕೊಂಡಳು. ಅವತ್ತಿನಿಂದ ಅಮ್ಮ ಎಂಬ ಮಾತನ್ನು ಮನಸ್ಸಿನಲ್ಲೂ ಅನ್ನುವುದಿಲ್ಲವೆಂದು ಆಣೆ ಇಟ್ಟುಕೊಂಡಳು. ಸಂತೆಗೆ ಹೋಗುವಳು, ಎಣ್ಣೆ ಬೇಕಿತ್ತು ಎನ್ನುವಳು, ಮತ್ತೆ ಬನ್ನಿ ಎಂದು ಹೇಳಿಸಿಕೊಂಡು ಬರುವಳು. ಕೊನೆಗೂ ಬುದ್ಧಿ ಕಲಿತಳು ಎಂದು ಊರು ಮೆಚ್ಚಬಹುದಾಗಿತ್ತು, ಊರಿಗೆ ಅದು ಗೊತ್ತಾಗಿದ್ದರೆ.

ಆಮೇಲೊಂದು ದಿನ ಅತ್ತೆ ಜಾಡಿಗೆ ಒಗ್ಗರಣೆ ಹಾಕಲು ಕೂತವಳು ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅತ್ತೆ ಯಾರ ಮುಖವನ್ನೂ ನೋಡಿದವಳಲ್ಲ, ಆದರೆ ಎಣ್ಣೆಯನ್ನು ನೋಡುತ್ತಿದ್ದಳು.

"ಏನೇ ಇದು, ಈಚೆಗೆ ಎಣ್ಣೆ ಕಡಿಮೆಯಾಗ್ತಿದೆಯಲ್ಲ. ಮೊದಲು ಅಂಚಿಗೆ ಮುಟ್ಟಿರೋದು. ನಮ್ಮ ಕೆಂಪು ಏನಾದ್ರೂ ಮಸುಕಾಗಿದೆಯಾ?"

ಸೊಸೆ ಬಂದು ತಂಬಿಗೆಯೊಳಗೆ ನೋಡಿದಳು. ಎಣ್ಣೆ ಕಂಠದ ಕೆಳಗೆ ನಿಂತಿತ್ತು, ಸರಿಯಾದ ಅಳತೆ. ಕೆಂಪು ಮಸುಕಾಗಿರಲಿಲ್ಲ. ಅವಳ ಕೆನ್ನೆಯ ಕೆಂಪು ಮೊದಲಿಗಿಂತಲೂ ಗಾಢವಾಗಿಯೇ ಇತ್ತು. ಅಂದರೆ ಆ ಕೊಸರು ಕೆಂಪಿಗೆ ಹಾಕಿದ್ದಲ್ಲ. ಅಳತೆಯ ಮೇಲೆ ಆ ಒಂದಿಷ್ಟನ್ನು ಯಾರೋ ಒಬ್ಬರು ಯಾರೋ ಒಬ್ಬರಿಗೆ ಹಾಕುತ್ತಿದ್ದರು. ಹಾಕಿ, ತುಂಬಿಹೋಗಿದೆ, ಚೆಲ್ಲಿಕೊಳ್ಳಬೇಡ ಎನ್ನುತ್ತಿದ್ದರು. ಈಗ ಹಾಕುತ್ತಿಲ್ಲ, ಅನ್ನುತ್ತಲೂ ಇಲ್ಲ. ಯಾವತ್ತಿನಿಂದ ಎಂದು ಅವಳು ನೆನೆಸಿಕೊಂಡಳು: ಹಳದಿ ಮೊದಲ ಸಲ ಮತ್ತೆ ಬನ್ನಿ ಎಂದ ಸಂತೆಯಿಂದ. ತನ್ನನ್ನು ಅಮ್ಮ ಗುರುತಿಸಲಿಲ್ಲವೆಂದು ಇಷ್ಟು ಕಾಲ ಗೋಳಾಡಿದವಳು ತಾನು. ಕಟ್ಟೆಯ ಹಿಂದೆ ಅಮ್ಮ ಇದ್ದಾಳೋ ಇಲ್ಲವೋ ಎಂಬುದೇ ತನಗೆ ತಿಳಿದಿರಲಿಲ್ಲ. ಹಳದಿ ಇತ್ತು, ಸಾಕಾಗಿತ್ತು.

ಅವಳು ತಂಬಿಗೆಯ ಎಣ್ಣೆಯನ್ನು ಬಾಣಲೆಗೆ ಸುರಿದು, ಬರಿ ತಂಬಿಗೆ ಹಿಡಿದು ಓಡಿದಳು. ಎಣ್ಣೆಯ ಅಂಗಡಿಯ ಹಲಗೆಯ ಮೇಲೆ ಕಣ್ಣು ಬಿತ್ತು. ಎಷ್ಟೋ ವರ್ಷಗಳಾದ ಮೇಲೆ ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸುಣ್ಣ ಎಂದಿತ್ತು.

"ನೀವು ಯಾರು?" ಎಂದು ಅವಳು ಕಟ್ಟೆಯ ಹಿಂದಿದ್ದವಳನ್ನು ಕೇಳಿದಳು.

ಆ ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಯಾರ ಮನೆ ಎಂದು ಕೇಳಬಹುದು, ಯಾರು ಎಂದು ಕೇಳುವಂತಿಲ್ಲ. ಹಳದಿಯವಳು ತಬ್ಬಿಬ್ಬಾಗಿ ತನ್ನ ಹಣೆಯನ್ನು ಮುಟ್ಟಿ ತೋರಿಸಿದಳು. ಸೊಸೆ ಹಣೆಯನ್ನು ನೋಡಲಿಲ್ಲ, ಕೆಳಗೆ ಕಣ್ಣುಗಳನ್ನು ನೋಡಿದಳು. ಎಳೆಯ ಕಣ್ಣುಗಳು, ಎಂದೂ ಕಂಡಿರದ ಕಣ್ಣುಗಳು. ಮೊದಲು ಇಲ್ಲಿ ಇದ್ದವರು ಎಲ್ಲಿ ಎಂದು ಕೇಳಿದಾಗ, ಮೊದಲೂ ಹಳದಿಯೇ ಇದ್ದದ್ದು ಎಂದು ಅವಳು ಕಲಿಸಿಕೊಟ್ಟ ಪಾಠದಂತೆ ಹೇಳಿದಳು. ಸೊಸೆ ಕದಲಲಿಲ್ಲ. ಆಗ ಅವಳು ಒಳಗೊಮ್ಮೆ ತಿರುಗಿ ನೋಡಿ, ಎಳೆದ ರಾಗ ಬಿಟ್ಟು ಸಾದಾ ದನಿಯಲ್ಲಿ ಮಾತಾಡಿದಳು.

"ನಮ್ಮತ್ತೆ ಇದ್ರು. ಯಾರೋ ಒಬ್ಬ ಕೆಂಪಿನವಳಿಗೆ ಮಾತ್ರ ಅವರ ಕೈ ಅಳತೆ ಮೀರ್ತಿತ್ತಂತೆ. ನಮ್ಮ ಯಜಮಾನರು ಕಂಡುಬಿಟ್ರು. ಹಚ್ಚದ ಗುರುತು ಹಿಡಿದಿದಾರೆ ಅಂತ ಕರ್ಕೊಂಡು ಹೋಗಿ ತೊಳೆದ್ರು."

ಆ ಯಜಮಾನ ಸೊಸೆಯ ಬೆನ್ನಿಗೆ ಬಿದ್ದ ತಮ್ಮ. ಅವನು ಹೆತ್ತ ತಾಯಿಯನ್ನು ತೊಳೆಸಿ ಬಂದು ಹಳದಿಯ ಮಾನ ಉಳಿಸಿದೆನೆಂದು ನೆಮ್ಮದಿಯಾಗಿ ಇದ್ದ; ಊರೂ ಹಾಗೆಯೇ ಹೇಳಿತ್ತು. ಎದುರಿಗಿದ್ದವಳು ಅವನ ಹೆಂಡತಿ. ಅವಳು ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದು, ಕೊನೆಗೆ, ತಾನೂ ಹಾಲಿನ ಮನೆಯವಳಾಗಿದ್ದೆ, ಅಲ್ಲಿ ಹಾಲು ತರಲು ಹೋದರೆ ತನ್ನ ಚಂಬೂ ಯಾಕೋ ಯಾವಾಗಲೂ ತುಂಬಿಯೇ ಇರುತ್ತದೆ ಎಂದು ಮೆಲ್ಲಗೆ ಅಂದಳು. ಅಂದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡು, ಕೈಯಲ್ಲಿದ್ದ ಪಾವನ್ನು ಕೆಳಗಿಟ್ಟಳು.

ಸೊಸೆ ಕೆರೆಯ ಮೆಟ್ಟಿಲಿಗೆ ಬಂದಳು. ಯಾರೋಗಳು ಸಾಲಾಗಿ ಕೂತಿದ್ದರು, ಹೆಚ್ಚಿನವರು ಮುದುಕಿಯರು, ಎಲ್ಲರೂ ನೀರಿನ ಕಡೆ ಮುಖ ಮಾಡಿಕೊಂಡು. ಅವಳು ಒಂದೊಂದೇ ಮೆಟ್ಟಿಲಿಳಿದು ಒಂದೊಂದೇ ಮುಖದ ಮುಂದೆ ನಿಂತು ನೋಡಿದಳು. ನೆರಿಗೆ, ನರೆ, ಕಣ್ಣು, ಗಲ್ಲ. ಇದೋ, ಅದೋ, ತಿಳಿಯಲಿಲ್ಲ. ಅಮ್ಮನೆಂದರೆ ಅವಳಿಗೆ ನೆನಪಿದ್ದದ್ದು ಒಂದು ಹಳದಿ ಮತ್ತು ವಾಲಿದ ಒಂದು ಅಕ್ಷರ. ಅದರ ಕೆಳಗಿನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅಮ್ಮಾ ಎಂದು ಕರೆದರೆ ಯಾರಾದರೂ ತಿರುಗಬಹುದು, ಇಲ್ಲಿರುವವರೆಲ್ಲ ಯಾರಿಗೋ ಅಮ್ಮಂದಿರೇ. ಬೇರೆ ದಾರಿ ಕಾಣದೆ, ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿದಳು. ತಂಬಿಗೆಯನ್ನು ಎರಡು ಕೈಯಲ್ಲಿ ಮುಂದಕ್ಕೆ ಚಾಚಿ, "ಎಣ್ಣೆ ಬೇಕಿತ್ತು" ಎಂದಳು.

ಯಾರೋಗಳು ಕೇಳಿಸಿಕೊಳ್ಳದವರ ಹಾಗೆ ಕೂತಿದ್ದರು. ಅವಳು ಇನ್ನೊಂದು ಮೆಟ್ಟಿಲಿಳಿದು ಮತ್ತೆ ಅದನ್ನೇ ಹೇಳಿದಳು.

ಕೆಳಗಿನ ಮೆಟ್ಟಿಲಲ್ಲಿದ್ದ ಒಬ್ಬಳು ಕೈ ಚಾಚಿ ತಂಬಿಗೆಯನ್ನು ಈಸಿಕೊಂಡಳು. ಅದರ ಬಾಯನ್ನು ಸೆರಗಿನ ತುದಿಯಿಂದ ಒರೆಸಿದಳು. ಬಲಗೈಯನ್ನು ಎತ್ತಿ, ಇಲ್ಲದ ಪಾವನ್ನು ಇಲ್ಲದ ಎಣ್ಣೆಯಲ್ಲಿ ಮುಳುಗಿಸಿ, ಸರಿ ಅಳತೆಗೆ ಅಳೆದು, ಬರಿ ತಂಬಿಗೆಗೆ ಸುರಿದಳು. ಒಂದು ಗಳಿಗೆ ತಡೆದಳು. ಆಮೇಲೆ ಕೈಯನ್ನು ಮತ್ತೊಮ್ಮೆ ಬಗ್ಗಿಸಿ, ಅದರ ಮೇಲೆ ಒಂದಿಷ್ಟು ಹಾಕಿದಳು.

ಸೊಸೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಮುದುಕಿ ತಲೆ ಎತ್ತಿ, ಅವಳ ಕೆನ್ನೆಯ ಕೆಂಪನ್ನಾಗಲಿ ಹಣೆಯ ಉ ಅಕ್ಷರವನ್ನಾಗಲಿ ನೋಡದೆ, ತಂಬಿಗೆಯನ್ನು ಅವಳ ಕೈಯಲ್ಲಿಟ್ಟಳು. ಈಗ ಅವಳಿಗೆ ಕಾಯಬೇಕಾದ ಬಣ್ಣ ಯಾವುದೂ ಇರಲಿಲ್ಲ.

"ತುಳುಕೀತು ಕಣೆ," ಎಂದಳು, "ನೋಡ್ಕೊಂಡು ಹೋಗು."